ಮುದ್ದಪ್ಪನ ಷೆಡ್ಡಿಗೆ ಬಂದ ಡೋರಿಸಮ್ಮ

ಎಲ್ಲಕ್ಕೂ ಕಾರಣ ಒಂದು ಫ್ಯಾನ್ ಬೆಲ್ಟು.

ತುಂಡಾಗಲೇಬೇಕೆಂದಿದ್ದರೆ ಅದು ತುಮಕೂರಿನಲ್ಲಿ ತುಂಡಾಗಬಹುದಿತ್ತು. ಕೊರಟಗೆರೆಯಲ್ಲಾದರೂ ಆಗಬಹುದಿತ್ತು. ಆದರೆ ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿಯ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಮಧುಗಿರಿ ಬಸ್ ಸ್ಟ್ಯಾಂಡು ದಾಟಿ ಇನ್ನೂರು ಗಜ ಬಂದ ಮೇಲೆ, ಸರಿಯಾಗಿ ಮೆಕ್ಯಾನಿಕ್ ಮುದ್ದಪ್ಪನ ಷೆಡ್ಡಿನ ಮುಂದೆಯೇ ಅದು ಪಟ್ಟೆಂದಿತು. ಕಾರು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಬಿಟ್ಟು ನಿಂತುಕೊಂಡಿತು.

ಅಂಥ ಕಾರನ್ನು ಮಧುಗಿರಿ ಅಲ್ಲಿಯವರೆಗೆ ಕಂಡಿರಲಿಲ್ಲ. ಊರಲ್ಲಿ ಓಡಾಡುತ್ತಿದ್ದದ್ದು ನಾಲ್ಕಾರು ಅಂಬಾಸಿಡರ್, ಡಾಕ್ಟರದೊಂದು ಫಿಯಟ್, ಲೆಕ್ಕವಿಲ್ಲದಷ್ಟು ಲಾರಿ ಮತ್ತು ಟ್ರಾಕ್ಟರು. ಇದೋ, ಉದ್ದಕ್ಕೆ ತಗ್ಗಾಗಿ ನೆಲಕ್ಕೆ ಅಂಟಿಕೊಂಡಂತಿತ್ತು. ಕಾಫಿಗೆ ಹಾಲು ಹೆಚ್ಚಾದಾಗ ಬರುವ ಬಣ್ಣ. ಒಳಗೆ ಏನಿದೆಯೆಂದು ಕಾಣದ ಕಪ್ಪು ಗಾಜು. ಎಲ್ಲಕ್ಕಿಂತ ವಿಚಿತ್ರವೆಂದರೆ ಸ್ಟೇರಿಂಗು ಎಡಗಡೆಗಿತ್ತು.

ಎಡಗಡೆಯ ಬಾಗಿಲು ತೆಗೆದು ಇಳಿದವರು ಚನ್ನಮಲ್ಲಯ್ಯ. ಕೊಡಿಗೇನಹಳ್ಳಿಯವರು. ಹನ್ನೆರಡು ವರ್ಷ ಕುವೈತಿನಲ್ಲಿ ಎಂಜಿನಿಯರಾಗಿದ್ದು, ಸಾಕೆನಿಸಿ, ಈ ಜಪಾನಿ ಕಾರನ್ನೂ ಹಡಗಿನಲ್ಲಿ ಹಾಕಿಸಿಕೊಂಡು ಊರಿಗೆ ವಾಪಸು ಬರುತ್ತಿದ್ದರು.

ಮುದ್ದಪ್ಪ ಬಾನೆಟ್ ಎತ್ತಿಸಿ ನೋಡಿದ. ನಲವತ್ತೈದು ವಯಸ್ಸಿನ ಮುದ್ದಪ್ಪ ಇಪ್ಪತ್ತೈದು ವರ್ಷದಿಂದ ಎಂಜಿನ್ನುಗಳ ಹೊಟ್ಟೆಯೊಳಗೆ ಕೈಯಾಡಿಸಿದವನು. ಲಾರಿ ಎದುರಿಗೆ ಬಂದು ನಿಲ್ಲುವುದರೊಳಗೆ ಅದರ ಕೆಮ್ಮು ಕೇಳಿಯೇ ಕಾಯಿಲೆ ಹೇಳುತ್ತಿದ್ದ. ಅವನಿಗೆ ಪ್ರಪಂಚದಲ್ಲಿ ಹೆದರಿಕೆ ಇದ್ದದ್ದು ಎರಡಕ್ಕೇ: ಒಂದು ಕರೆಂಟಿನ ವೈರು, ಇನ್ನೊಂದು ಹೆಂಡತಿ ನಾಗಕ್ಕ. ಎರಡರಲ್ಲಿ ವೈರಿಗಾದರೂ ಫ್ಯೂಸ್ ಇರುತ್ತದೆ ಎನ್ನುವುದು ಅವನ ಅನುಭವ.

"ಬೆಲ್ಟ್ ಹೋಗೈತೆ ಸ್ವಾಮಿ. ಬೇರೆ ಏನೂ ಆಗಿಲ್ಲ," ಎಂದ.

"ಇಲ್ಲಿ ಸಿಗುತ್ತಾ?"

"ಇದು ನಮ್ ಗಾಡಿ ಬೆಲ್ಟಲ್ಲ. ತೆಳ್ಳಗೈತೆ. ಇದನ್ನೇ ಹಿಡ್ಕಂಡು ತುಮಕೂರ್ಗೆ ಹೋಗಿ, ಅಳತೆ ನೋಡಿ ತಂದ್ಬುಡಿ. ಕಾಲು ಗಂಟೇಲಿ ಹಾಕ್ಕೊಡ್ತೀನಿ."

ಅಷ್ಟರಲ್ಲಿ ತುಮಕೂರಿನ ಬಸ್ಸು ಹೊರಟೇಬಿಟ್ಟಿತು. ಚನ್ನಮಲ್ಲಯ್ಯನವರು ಕೀಲಿಯನ್ನು ಮುದ್ದಪ್ಪನ ಕೈಗೆ ಹಾಕಿ, ತುಂಡು ಬೆಲ್ಟನ್ನು ಹಾವು ಹಿಡಿದಂತೆ ಹಿಡಿದುಕೊಂಡು ಓಡಿ ಹತ್ತಿದರು. ಹತ್ತಿದ ಮೇಲೆ ಏನೋ ನೆನಪಾಗಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು:

"ಮುದ್ದಪ್ಪಾ! ಒಳಗಿಂದ ಅವಳು ಮಾತಾಡಿದ್ರೆ ಗಾಬರಿ ಆಗ್ಬೇಡ! ಸ್ವಲ್ಪ ಹೊತ್ತಿಗೆ ತಾನೇ ಸುಮ್ಮನಾಗ್ತಾಳೆ!"

ಡ್ರೈವರು ಅದೇ ಹೊತ್ತಿಗೆ ಹಾರನ್ ಒತ್ತಿದ್ದರಿಂದ ಈ ಮಾತು ಮುದ್ದಪ್ಪನಿಗೆ ಕೇಳಿಸಲಿಲ್ಲ. ಆದರೆ ಎದುರುಗಡೆ ಟೀ ಹೋಟೆಲಿನ ಗಂಗಹನುಮಯ್ಯನಿಗೆ ಸ್ಪಷ್ಟವಾಗಿ ಕೇಳಿಸಿತು. ಗಂಗಹನುಮಯ್ಯ ಕಣ್ಣನ್ನು ಹಾಲಿನ ಮೇಲೂ ಕಿವಿಯನ್ನು ರಸ್ತೆಯ ಮೇಲೂ ಇಟ್ಟು ಹೋಟೆಲು ನಡೆಸುತ್ತಿದ್ದವನು. ಅವನು ಹಾಲು ಉಕ್ಕಿದ್ದನ್ನೂ ಮರೆತು, ಆ ಕಪ್ಪು ಗಾಜಿನ ಕಡೆ ಒಮ್ಮೆ ನೋಡಿದ.

ಬಿಸಿಲು ಏರುತ್ತಿತ್ತು. ಬೆಟ್ಟದ ಬೋಳು ಬಂಡೆ ಆಗಲೇ ಕಾಯಲು ಶುರುವಾಗಿತ್ತು. ದುಬಾರಿ ಕಾರು ಬಿಸಿಲಲ್ಲಿ ನಿಂತಿರುವುದು ಬೇಡವೆಂದು ಮುದ್ದಪ್ಪ ಅದನ್ನು ಷೆಡ್ಡಿನ ನೆರಳಿಗೆ ತಳ್ಳಲು ಹೋದ. ಸ್ಟೇರಿಂಗು ತಿರುಗಲಿಲ್ಲ. ಸರಿ, ಕೀಲಿ ಹಾಕಿ ತಿರುವಿದ. ನಾಲ್ಕು ಜನರನ್ನು ಕರೆದು ತಳ್ಳಿಸಿ ನೆರಳಿಗೆ ನಿಲ್ಲಿಸಿದ. ಅವರೆಲ್ಲ ಹೋದ ಮೇಲೆ, ಕೀಲಿ ತೆಗೆದುಕೊಳ್ಳೋಣವೆಂದು ಎಡಗಡೆಯ ಬಾಗಿಲು ತೆಗೆದ.

"ಲೆಫ್ಟ್ ಡೋರಿಸ್ ಓಪನ್," ಎಂದಿತು ಒಂದು ಹೆಂಗಸಿನ ದನಿ.

ಜೇನಿನಂಥ ದನಿ. ಆದರೆ ಮುದ್ದಪ್ಪ ಜೇನು ಕಚ್ಚಿದವನಂತೆ ಹಾರಿ ಹಿಂದಕ್ಕೆ ಬಿದ್ದ. ಎದ್ದು ಒಳಗೆ ಬಗ್ಗಿ ನೋಡಿದ. ಮುಂದಿನ ಸೀಟು ಖಾಲಿ. ಹಿಂದಿನ ಸೀಟು ಖಾಲಿ. ಸೀಟಿನ ಕೆಳಗೆ ಚನ್ನಮಲ್ಲಯ್ಯನವರ ಒಂದು ಬೂಟು.

ಬಾಗಿಲು ಹಾಕಿದ. ನಿಶ್ಶಬ್ದ. ತೆಗೆದ.

"ಲೆಫ್ಟ್ ಡೋರಿಸ್ ಓ..."

ದಡಾರನೆ ಹಾಕಿದ. ಹೀಗೆ ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದ. ಐದನೇ ಸಲ ತಿರುಗಿ ನೋಡಿದರೆ ಗಂಗಹನುಮಯ್ಯ ಟೀ ಸೋಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಂದು ನಿಂತಿದ್ದ.

"ಯಾರ್ಲಾ ಮುದ್ದ, ಒಳಗೆ?"

"ಯಾರೂ ಇಲ್ಲ ಕಣ್ಲಾ."

"ಹೆಂಗ್ಸಿನ ದನಿ ಕೇಳ್ತು."

"ರೇಡಿಯೋ ಇರ್ಬೇಕು."

"ರೇಡಿಯೋ ಬಾಗ್ಲು ಹಾಕಿದ್ರೆ ಬಾಯಿ ಮುಚ್ಕಂತದಾ?"

ಗಂಗಹನುಮಯ್ಯ ದನಿ ತಗ್ಗಿಸಿದ. "ಆ ಯಜಮಾನ್ರು ಬಸ್ಸಿನಾಗೆ ಕೂಗಿ ಹೇಳಿದ್ರು. 'ಅವಳು ಮಾತಾಡಿದ್ರೆ ಗಾಬರಿ ಆಗ್ಬೇಡ' ಅಂದ್ರು. ನಾನೇ ಕಿವಿಯಾರೆ ಕೇಳಿದೀನಿ. ನೀನೂ ಅವ್ರೂ ಸೇರಿ ಯಾವಳನ್ನ ತಂದ್ ಇಟ್ಟಿದೀರಿ, ನಿಜ ಹೇಳು."

"ನಿಮ್ಮಪ್ಪನಾಣೆ ಇಲ್ಲ ಕಣ್ಲಾ!"

"ನಮ್ಮಪ್ಪ ಸತ್ತು ಆರು ವರ್ಷ ಆತು. ಅವನ ಮೇಲೆ ಯಾಕೆ ಆಣೆ ಹಾಕ್ತೀಯ?"

ಅರ್ಧ ಗಂಟೆಯಲ್ಲಿ ಷೆಡ್ಡಿನ ಮುಂದೆ ಮೂವತ್ತು ಜನ ಸೇರಿದರು. ಕೋರ್ಟಿಗೆ ಬಂದವರು ವಾಯಿದೆ ಮರೆತರು. ಪಾವಗಡದ ಬಸ್ಸಿಗೆ ಕಾದಿದ್ದವರು ಒಂದು ಬಸ್ಸನ್ನು ಬೇಕೆಂದೇ ಬಿಟ್ಟರು. ಪ್ರತಿಯೊಬ್ಬರೂ ಒಂದೊಂದು ಸಲ ಬಾಗಿಲು ತೆಗೆಸಿ, ದನಿ ಕೇಳಿ, ಹಿಂದಕ್ಕೆ ಸರಿದರು. ಒಳಗಿರುವವಳು ಇಂಗ್ಲಿಷಿನವಳು ಎಂಬ ವಿಷಯದಲ್ಲಿ ಎಲ್ಲರಿಗೂ ಒಮ್ಮತವಿತ್ತು. ಅವಳು ಹೇಳುತ್ತಿರುವುದೇನು ಎಂಬ ವಿಷಯದಲ್ಲಿ ಇರಲಿಲ್ಲ.

"ಅಡವಯ್ಯ ಮೇಷ್ಟ್ರನ್ನ ಕರ್ಸಿ," ಎಂದ ಗಂಗಹನುಮಯ್ಯ.

ಅಡವಯ್ಯನವರು ನಿವೃತ್ತ ವಿಜ್ಞಾನದ ಮೇಷ್ಟ್ರು. ಇಂಗ್ಲಿಷ್ ಪೇಪರು ಓದುವವರು. ಅದಕ್ಕಿಂತ ಹೆಚ್ಚಾಗಿ, ಮಧುಗಿರಿಯಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡಿದ್ದ ಏಕೈಕ ವ್ಯಕ್ತಿ. ಎಪ್ಪತ್ತೆರಡರಲ್ಲಿ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಸಂಸ್ಥೆಯಲ್ಲಿ ತೋರಿಸಿದ್ದರಂತೆ. ಅಂದಿನಿಂದ ಹದಿನಾಲ್ಕು ವರ್ಷ, ಯಾವ ಮಾತು ಎಲ್ಲಿಂದ ಶುರುವಾದರೂ ಅವರು ಅದನ್ನು ಆ ಕಂಪ್ಯೂಟರಿನ ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದರು.

ಮೇಷ್ಟ್ರು ಕೊಡೆ ಮಡಿಸಿ, ಕನ್ನಡಕ ಒರೆಸಿ, ಕಾರಿನ ಮುಂದೆ ನಿಂತರು. ಗಂಟಲು ಸರಿಮಾಡಿಕೊಂಡು, "ಗುಡ್ ಮಾರ್ನಿಂಗ್ ಮೇಡಮ್! ಹೂ ಆರ್ ಯೂ?" ಎಂದು ಕೇಳಿ, ಮುದ್ದಪ್ಪನಿಗೆ ಬಾಗಿಲು ತೆಗೆಯುವಂತೆ ಸನ್ನೆ ಮಾಡಿದರು.

"ಲೆಫ್ಟ್ ಡೋರಿಸ್ ಓಪನ್."

ಮೇಷ್ಟ್ರ ಮುಖ ಗಂಭೀರವಾಯಿತು. ಜನರತ್ತ ತಿರುಗಿದರು.

"ಕ್ರಿಶ್ಚಿಯನ್ ಹೆಣ್ಣುಮಗಳು. ಹೆಸರು ಡೋರಿಸ್."

"ಆಮೇಲೆ?"

"ಲೆಫ್ಟ್ ಅಂದರೆ, ಬಿಟ್ಟು ಹೋದರು. ಓಪನ್ ಅಂದರೆ, ತೆಗೆಯಿರಿ. 'ಬಿಟ್ಟು ಹೋಗಿದ್ದಾರೆ, ನಾನು ಡೋರಿಸು, ತೆಗೆಯಿರಿ' ಅಂತಿದ್ದಾಳೆ. ಭಯದಲ್ಲಿರೋದ್ರಿಂದ ವ್ಯಾಕರಣ ಸ್ವಲ್ಪ ತಪ್ಪಿದೆ."

ಜನರ ಗುಂಪಿನಲ್ಲಿ 'ಅಯ್ಯೋ ಪಾಪ' ಎಂಬ ಉದ್ಗಾರ ಎದ್ದಿತು. ಮುದ್ದಪ್ಪ, "ಒಳಗೆ ಯಾರೂ ಇಲ್ಲ ಮೇಷ್ಟ್ರೇ, ನೀವೇ ಬಗ್ಗಿ ನೋಡಿ," ಎಂದು ಅಂಗಲಾಚಿದ. ಮೇಷ್ಟ್ರು ಬಗ್ಗಿ ನೋಡಿದರು. ಯಾರೂ ಕಾಣಲಿಲ್ಲ.

"ಕಾಣ್ದಂಗೆ ಇಟ್ಟಿರ್ತಾರೆ," ಎಂದ ಗಂಗಹನುಮಯ್ಯ. "ಡಿಕ್ಕಿನಾಗೆ."

ಡಿಕ್ಕಿ ಎಂಬ ಮಾತು ಬಾಯಿಂದ ಬಾಯಿಗೆ ಹೋಗುವಾಗಲೇ ನಾಗಕ್ಕ ಊಟದ ಕ್ಯಾರಿಯರ್ ಹಿಡಿದುಕೊಂಡು ಬಂದಳು. ದಿನಾ ಹನ್ನೆರಡೂವರೆಗೆ ಮುದ್ದೆ, ಹುರುಳಿಕಾಳು ಸಾರು ತರುವವಳು. ಇಷ್ಟು ಜನ ಕಂಡು, ಗಂಡನ ಮೇಲೆ ಜಾಕ್ ಗೀಕ್ ಬಿದ್ದಿತೇನೋ ಎಂದು ಎದೆ ಒಡೆದುಕೊಂಡು ಓಡಿ ಬಂದವಳಿಗೆ ಗಂಡ ನೆಟ್ಟಗೆ ನಿಂತಿರುವುದು ಕಂಡು ಉಸಿರು ಬಂತು. ಉಸಿರು ಬಂದೊಡನೆ ಸುದ್ದಿಯೂ ಕಿವಿಗೆ ಬಿತ್ತು.

"ಯಾರಯ್ಯ ಡೋರಿಸು?"

"ನಂಗೇನ್ ಗೊತ್ತು ನಾಗೀ? ಗಾಡಿ ಮಾತಾಡ್ತೈತೆ."

"ಗಾಡಿ ಮಾತಾಡ್ತೈತಾ! ಇಪ್ಪತ್ತೈದು ವರ್ಷ ಗಾಡಿ ರಿಪೇರಿ ಮಾಡಿದೀಯ. ಒಂದಿನನಾದ್ರೂ ಯಾವ್ದಾದ್ರೂ ಗಾಡಿ ಮಾತಾಡಿತ್ತಾ? ಇವತ್ತೇ ಯಾಕೆ ಮಾತಾಡ್ತು? ಹೆಣ್ಣು ದನಿನಾಗೇ ಯಾಕೆ ಮಾತಾಡ್ತು?"

ಕ್ಯಾರಿಯರನ್ನು ಅವನ ಕೈಗೆ ಕೊಡದೆ ಅವಳು ಸೊಂಟಕ್ಕೆ ಇಟ್ಟುಕೊಂಡಳು. ಮುದ್ದಪ್ಪ ಸಾರಿನ ವಾಸನೆ ಹಿಡಿದು ಎಂಜಲು ನುಂಗಿದ.

ಆಗ ಬಂದದ್ದು ಕಾನ್‌ಸ್ಟೇಬಲ್ ಚಿಕ್ಕನರಸಯ್ಯ. ಯಾರು ಕರೆದರೆಂದು ತಿಳಿಯಲಿಲ್ಲ. ಮೂವತ್ತು ಜನ ಸೇರಿದ ಕಡೆ ಮೂವತ್ತೊಂದನೆಯವನಾಗಿ ಬರುವುದು ಅವನ ಕರ್ತವ್ಯ.

"ಎಲ್ಲಿ ಲೇ ಆ ಯಮ್ಮ?"

"ಇಲ್ಲ ಸಾರ್, ಯಾರೂ..."

"ಡಿಕ್ಕಿ ತೆಗಿ."

ಕೀಲಿ ತಂದು ಮುದ್ದಪ್ಪ ಡಿಕ್ಕಿ ತೆಗೆದ. ಒಳಗೆ ಒಂದು ಸೂಟ್‌ಕೇಸು. ಚಿಕ್ಕನರಸಯ್ಯ ಅದರ ಮುಚ್ಚಳ ಎತ್ತಿದ. ಐದು ರೇಷ್ಮೆಯಂಥ ಸೀರೆ, ಗಾಜಿನ ಬಳೆ, ಸೆಂಟಿನ ಸೀಸೆ, ಎತ್ತರ ಹಿಮ್ಮಡಿಯ ಹೆಂಗಸರ ಚಪ್ಪಲಿ ಒಂದು ಜೊತೆ.

ಇದ್ದಬದ್ದವರೆಲ್ಲ ನಾಗಕ್ಕನ ಮುಖ ನೋಡಿದರು. ನಾಗಕ್ಕ ಚಪ್ಪಲಿಯ ಹಿಮ್ಮಡಿ ನೋಡಿದಳು. ಮುದ್ದಪ್ಪ ಎಲ್ಲಿ ನೋಡಬೇಕೆಂದು ತಿಳಿಯದೆ ಬೆಟ್ಟ ನೋಡಿದ.

"ಬಟ್ಟೆ ಇದೆ, ಆಸಾಮಿ ಇಲ್ಲ," ಎಂದ ಚಿಕ್ಕನರಸಯ್ಯ, ಅದು ಇನ್ನೂ ಭಯಂಕರ ವಿಷಯವೆಂಬ ಧಾಟಿಯಲ್ಲಿ. ಆಮೇಲೆ ತಾನೇ ಮುಂದಿನ ಸೀಟಿನಲ್ಲಿ ಕೂತು, ಕೀಲಿ ಹಾಕಿಸಿ, ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದ. ಗಾಜಿನ ಮೇಲೆ ನೀರು ಚಿಮ್ಮಿತು. ಹಾಡು ಬಂದು ನಿಂತಿತು. ಮುಂದಿನ ದೊಡ್ಡ ದೀಪ ಎರಡೂ ಹತ್ತಿಕೊಂಡು ಗಂಗಹನುಮಯ್ಯನ ಕಣ್ಣು ಕುಕ್ಕಿದವು. ಸೋತು ಇಳಿಯಲು ಬಾಗಿಲು ತೆಗೆದ.

"ಲೈಟ್ಸ್ ಆರ್ ಆನ್," ಎಂದಿತು ದನಿ.

"ಏನಂತಾಳೆ ಮೇಷ್ಟ್ರೇ?"

"ದೀಪ ಹತ್ತಿದೆ ಅಂತಾಳೆ," ಎಂದರು ಅಡವಯ್ಯನವರು ಗದ್ಗದಿತರಾಗಿ. "ಇಷ್ಟು ಹೊತ್ತೂ ಕತ್ತಲೆಯಲ್ಲಿದ್ದಳು ಅಂತ ಕಾಣುತ್ತೆ."

ಚಿಕ್ಕನರಸಯ್ಯ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ: ಹೆಸರು, ಡೋರಿಸಮ್ಮ. ತಂದೆಯ ಹೆಸರು, ಹೇಳುವುದಿಲ್ಲ. ವಾಸ, ಕಾರಿನೊಳಗೆ, ಎಲ್ಲಿ ಎಂದು ತಿಳಿದುಬಂದಿಲ್ಲ. ಕೀಲಿ ಕಿತ್ತು ತನ್ನ ಜೇಬಿಗೆ ಹಾಕಿಕೊಂಡ. ಕಾರಿನ ಯಜಮಾನ ಬರುವವರೆಗೂ ಮುದ್ದಪ್ಪ ಷೆಡ್ಡಿನ ಮುಂದಿನ ಕಲ್ಲಿನ ಮೇಲೆ ಕದಲದೆ ಕೂತಿರಬೇಕೆಂದು ಅಪ್ಪಣೆಯಾಯಿತು. ನೆರಳು ಬೇಡವೆಂದು ಯಾರೂ ಹೇಳಿರಲಿಲ್ಲ, ಆದರೆ ನೆರಳಿದ್ದ ಕಡೆಯೆಲ್ಲ ಜನ ಕೂತುಬಿಟ್ಟಿದ್ದರು. ಗಂಗಹನುಮಯ್ಯ ಆ ದಿನ ಇನ್ನೂರ ಹತ್ತು ಟೀ ಮಾರಿದ. ಮುದ್ದಪ್ಪನಿಗೆ ಒಂದನ್ನೂ ಕೊಡಲಿಲ್ಲ. ಆರೋಪಿಗೆ ಟೀ ಕೊಡಬಹುದೋ ಇಲ್ಲವೋ ಎಂದು ಕೇಳಲು ಅವನಿಗೆ ಪುರುಸೊತ್ತಾಗಲಿಲ್ಲ.

ಮೂರೂವರೆಗೆ ಚನ್ನಮಲ್ಲಯ್ಯನವರು ಹೊಸ ಬೆಲ್ಟಿನೊಡನೆ ಬಸ್ಸಿಳಿದರು. ಜನ ಅವರಿಗೆ ದಾರಿ ಬಿಟ್ಟ ರೀತಿ ನೋಡಿ, ಇಲ್ಲಿ ಯಾರೋ ತೀರಿಕೊಂಡಿರಬೇಕು ಎಂದುಕೊಂಡರು.

"ಡೋರಿಸಮ್ಮ ಯಾರು? ಎಲ್ಲಿ ಬಚ್ಚಿಟ್ಟಿದೀರಿ?" ಎಂದ ಚಿಕ್ಕನರಸಯ್ಯ.

ಚನ್ನಮಲ್ಲಯ್ಯನವರಿಗೆ ವಿಷಯ ಅರ್ಥವಾಗಲು ಎರಡು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ನಗು ನಿಲ್ಲಲು ಐದು ನಿಮಿಷ ಹಿಡಿಯಿತು.

"ಲೆಫ್ಟ್ ಡೋರ್, ಈಸ್ ಓಪನ್," ಎಂದು ಬಿಡಿಸಿ ಹೇಳಿದರು. "ಎಡಗಡೆ ಬಾಗಿಲು ತೆಗೆದಿದೆ ಅಂತ. ಅಷ್ಟೇ ರೀ! ಡೋರಿಸೂ ಇಲ್ಲ, ಯಾರೂ ಇಲ್ಲ. ಸೀರೆ, ಚಪ್ಪಲಿ ನನ್ನ ತಂಗಿಗೆ ತಂದದ್ದು. ಮಾತಾಡೋದು ಕಂಪ್ಯೂಟರು."

ಅಡವಯ್ಯನವರು ಥಟ್ಟನೆ ಮುಂದೆ ಬಂದರು. ಡೋರಿಸು ಹೋದದ್ದಕ್ಕಿಂತ ಈ ಮಾತು ಅವರಿಗೆ ಹೆಚ್ಚು ನೋವು ಮಾಡಿತ್ತು.

"ಸ್ವಾಮೀ, ಇವರಿಗೆ ಏನು ಬೇಕಾದ್ರೂ ಹೇಳಿ. ನನಗೆ ಹೇಳ್ಬೇಡಿ. ನಾನು ಕಂಪ್ಯೂಟರು ಕಂಡವನು. ಒಂದು ಕಲ್ಯಾಣಮಂಟಪದಷ್ಟು ದೊಡ್ಡ ಕೋಣೆ, ಕೋಣೆ ತುಂಬ ಕಬ್ಬಿಣದ ಬೀರುಗಳು. ಅದೇ ಒಂದು ಕಂಪ್ಯೂಟರು! ಚಪ್ಪಲಿ ಬಿಟ್ಟು ಒಳಗೆ ಹೋದ್ವಿ. ಬೇಸಿಗೇಲೂ ಶಾಲು ಹೊದ್ಕೊಬೇಕು, ಅಷ್ಟು ತಣ್ಣಗೆ ಇಟ್ಟಿದ್ರು ಅದನ್ನ. ಅದು ಈ ಕಾರಿನಲ್ಲಿದೆ ಅಂದ್ರೆ, ಕಾರು ಎಲ್ಲಿದೆ?"

ಎಂದವರೇ ಜೇಬಿನ ಡೈರಿಯಿಂದ ಒಂದು ಹಳೆಯ ರಟ್ಟಿನ ಕಾರ್ಡು ತೆಗೆದರು. ಇರುವೆ ತೂರುವಂಥ ಸಣ್ಣ ಸಣ್ಣ ತೂತುಗಳು. ಅಂದು ಅವರ ಹೆಸರನ್ನೇ ಆ ತೂತುಗಳಲ್ಲಿ ಬರೆದು ಕಂಪ್ಯೂಟರಿಗೆ ಉಣಿಸಿ, ಆಮೇಲೆ ನೆನಪಿಗೆಂದು ಕೊಟ್ಟಿದ್ದರು.

ಚನ್ನಮಲ್ಲಯ್ಯನವರು ನಗಲಿಲ್ಲ. ಕಾರ್ಡನ್ನು ಗೌರವದಿಂದ ಕೈಗೆ ತೆಗೆದುಕೊಂಡು ನೋಡಿದರು. ಸ್ಟೇರಿಂಗಿನ ಅಡಿಗೆ ಕೈ ಹಾಕಿ, ಒಂದು ಕಪ್ಪು ಡಬ್ಬಿ ತೋರಿಸಿದರು. ಸೋಪಿನ ಪೆಟ್ಟಿಗೆಯಷ್ಟಿತ್ತು.

"ಮೇಷ್ಟ್ರೇ, ನೀವು ಕಂಡದ್ದು ನಿಜ. ನಾನೂ ಓದುವಾಗ ಅಂಥದ್ದರ ಮುಂದೆ ಕ್ಯೂ ನಿಂತವನೇ. ಈ ಒಂದು ಕಾರ್ಡಿನಲ್ಲಿ ಎಂಬತ್ತು ಅಕ್ಷರ ಹಿಡಿಸುತ್ತೆ. ಈ ಡಬ್ಬಿಯೊಳಗೆ ಒಂದು ಚಿಪ್ಪಿದೆ, ಹೆಬ್ಬೆರಳಿನ ಉಗುರಿನಷ್ಟು. ಇಂಥ ನೂರು ಕಾರ್ಡು ಅದರಲ್ಲಿ ಹಿಡಿಸುತ್ತೆ. ನಿಮ್ಮ ಆ ಬೀರುಗಳಲ್ಲಿ ಎಷ್ಟನ್ನೋ ಸುಟ್ಟು ಭಸ್ಮ ಮಾಡಿ ಇದರೊಳಗೆ ತುಂಬಿದಾರೆ ಅಂತ ತಿಳ್ಕೊಳ್ಳಿ."

"ಹದಿನಾಲ್ಕೇ ವರ್ಷಕ್ಕೆ?" ಮೇಷ್ಟ್ರ ದನಿ ಸಣ್ಣದಾಗಿತ್ತು. "ಶಾಲು ಹೊದೆಸೋದೂ ಬೇಡವೆ ಇದಕ್ಕೆ?"

"ಕುವೈತಿನ ಬಿಸಿಲಲ್ಲೇ ಇತ್ತು. ವರ್ಷ ವರ್ಷಕ್ಕೂ ಇದರ ಬುದ್ಧಿ ಬೆಳೀತಾನೇ ಇದೆ. ಇವತ್ತು ಬಾಗಿಲು ತೆಗೆದಿದೆ ಅಂತ ಹೇಳುತ್ತೆ. ನಾಳೆ ದಾರಿ ಹೇಳುತ್ತೆ. ನಾಡಿದ್ದು ತಾನೇ ಓಡಿಸುತ್ತೆ. ಬೇಕಾದ ಭಾಷೇಲಿ ಮಾತಾಡುತ್ತೆ."

"ಕನ್ನಡ್ದಾಗೂ?" ಎಂದ ಗಂಗಹನುಮಯ್ಯ.

"ಯಾಕಾಗಬಾರದು?"

ಅಡವಯ್ಯನವರು ಕೈ ಚಾಚಿ ಆ ಡಬ್ಬಿಯನ್ನು ಮುಟ್ಟಿದರು. ಮುಟ್ಟುವ ಮೊದಲು, ಯಾರಿಗೂ ಕಾಣದಂತೆ, ಕಾಲಿನಿಂದ ಚಪ್ಪಲಿ ಸರಿಸಿದ್ದರು.

ಚಿಕ್ಕನರಸಯ್ಯ ಕೀಲಿ ವಾಪಸು ಕೊಟ್ಟು, ಪುಸ್ತಕದ ಹಾಳೆ ಹರಿದು ಬಾಯಿಗೆ ಹಾಕಿಕೊಳ್ಳುವುದೊಂದು ಬಾಕಿ, ಹಾಗೆ ಮುದುರಿ ಎಸೆದ. ಜನ ನಿರಾಸೆಯಿಂದ ಚದುರಿದರು. ನಾಗಕ್ಕ ಮಾತ್ರ ಕಪ್ಪು ಗಾಜಿನತ್ತ ನೋಡುತ್ತಲೇ ನಿಂತಿದ್ದಳು.

"ಒಳಗೆ ಯಾರೂ ಇಲ್ವಾ ಸ್ವಾಮಿ? ದಿಟವಾಗ್ಲೂ?"

"ಅನುಮಾನ ಇದ್ರೆ ನೀನೇ ಒಂದ್ಸಲ ಒಳಗೆ ಕೂತು ನೋಡಮ್ಮ," ಎಂದು ನಕ್ಕರು ಚನ್ನಮಲ್ಲಯ್ಯ.

ನಾಗಕ್ಕ ಕ್ಯಾರಿಯರ್ ಎತ್ತಿಕೊಂಡು ಅಲ್ಲಿಂದ ಸರಿದಳು. ಮುದ್ದಪ್ಪ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬಾನೆಟ್ಟಿನ ಕೆಳಗೆ ತಲೆ ತೂರಿಸಿ, ಕಾಲು ಗಂಟೆಯೆಂದದ್ದನ್ನು ಹತ್ತೇ ನಿಮಿಷದಲ್ಲಿ ಮುಗಿಸಿದ.

"ಒಂದು ರೌಂಡು ಹೋಗಿ ಬಾ ಮುದ್ದಪ್ಪ. ಬಿಸಿ ಆಗುತ್ತೇನೋ ನೋಡು. ಅಷ್ಟರಲ್ಲಿ ನಾನು, ಮೇಷ್ಟ್ರು ಟೀ ಕುಡೀತೀವಿ," ಎಂದರು ಚನ್ನಮಲ್ಲಯ್ಯ.

ಕಾರು ಕೊಡಿಗೇನಹಳ್ಳಿ ರಸ್ತೆ ಹಿಡಿಯಿತು. ಏನು ಓಟ! ಬೆಣ್ಣೆಯ ಮೇಲೆ ಬೆರಳು ಜಾರಿದಂತೆ. ಮುದ್ದಪ್ಪ ಕುಳ್ಳ, ಚನ್ನಮಲ್ಲಯ್ಯ ಎತ್ತರ. ಹಾಗಾಗಿ ಎದುರಿನ ಕನ್ನಡಿಯಲ್ಲಿ ಮುದ್ದಪ್ಪನಿಗೆ ಕಾರಿನ ಚಾವಣಿ ಮಾತ್ರ ಕಾಣುತ್ತಿತ್ತು. ಅದಕ್ಕೂ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಬೆಳಗಿನಿಂದ ಮೊದಲ ಸಲ ಅವನು ಒಬ್ಬನೇ ಇದ್ದ. ತಣ್ಣಗೆ ಗಾಳಿ ಬೀಸುತ್ತಿತ್ತು.

"ಲೆಫ್ಟ್ ಡೋರಿಸ್ ಓಪನ್."

"ಓಹೋ, ಬಾಗ್ಲು ಸರ್ಯಾಗಿ ಬಿದ್ದಿಲ್ವಾ? ಹಾಕ್ದೆ ಕಣಮ್ಮ, ಹಾಕ್ದೆ," ಎಂದ ಮುದ್ದಪ್ಪ, ಬಾಗಿಲು ಎಳೆದುಕೊಳ್ಳುತ್ತಾ. ಆಮೇಲೆ ಅವನಿಗೆ ನಗು ಬಂತು. "ನೋಡು ಡೋರಿಸಮ್ಮ, ನಿನ್ನಿಂದ ಇವತ್ತು ನನ್ ಮಾನ ಮೂರು ಕಾಸಿಗೆ ಹೋಯ್ತು. ಆದ್ರೂ ನಿನ್ ಮೇಲೆ ನಂಗೆ ಸಿಟ್ಟಿಲ್ಲ. ಯಾಕ್ ಗೊತ್ತಾ? ಒಂದ್ಸಲ ಹೇಳ್ತೀಯ, ಸುಮ್ಕಾಗ್ತೀಯ. ನಮ್ ನಾಗಿ ಅಂಗಲ್ಲ. ಬಾಗ್ಲು ತೆಗೆದಿದ್ರೆ, ಮದ್ವೆ ಆದಾಗಿಂದ ಎಷ್ಟ್ ಬಾಗ್ಲು ತೆಗೆದ್ ಬಿಟ್ಟಿದೀನಿ ಅಂತ ಎಲ್ಲಾನೂ ಹೇಳ್ತಾಳೆ."

ಕಾರು ಸುಮ್ಮನಿತ್ತು. ಅದು ಮುದ್ದಪ್ಪನಿಗೆ ಹಿಡಿಸಿತು. ಮಾತಾಡಬಲ್ಲವರು ಸುಮ್ಮನೆ ಕೇಳಿಸಿಕೊಳ್ಳುವುದು ಅವನ ಬಾಳಿನಲ್ಲಿ ಹೊಸದು.

"ಆದ್ರೆ ಒಳ್ಳೇವ್ಳು. ಸುಳ್ಳು ಹೇಳ್ಬಾರ್ದು. ನಾನೇ ಸುಳ್ಳು ಹೇಳೋನು. ಹೋದ ಭಾನುವಾರ ಪಾವಗಡ್ದಾಗೆ ಟ್ರಾಕ್ಟರ್ ರಿಪೇರಿ ಐತೆ ಅಂತ ಹೇಳ್ದೆ. ಎಲ್ಲಿ ಟ್ರಾಕ್ಟರು! ಹಿಂದೂಪುರಕ್ಕೆ ಹೋಗಿ ಒಂದಾದ ಮೇಲೊಂದು ಎರಡು ತೆಲುಗು ಸಿನಿಮಾ ನೋಡ್ಕಂಡ್ ಬಂದೆ. ಪಾಪ, ಸುಸ್ತಾಗೈತೆ ಅಂತ ಅವಳು ಬಿಸಿನೀರು ಕಾಯ್ಸಿ ಕೊಟ್ಳು."

"ಫ್ಯುಯಲ್ ಲೆವೆಲ್ ಈಸ್ ಲೋ," ಎಂದಿತು ಕಾರು.

"ಹೂಂ ಕಣಮ್ಮ, ತಪ್ಪೇ," ಎಂದ ಮುದ್ದಪ್ಪ. "ಅದಿರ್ಲಿ, ಇದಕ್ಕಿಂತ ದೊಡ್ಡದೊಂದು ಐತೆ. ಯಾರತ್ರಾನೂ ಹೇಳಿಲ್ಲ. ನಿನ್ ಹತ್ರ ಹೇಳ್ತೀನಿ. ಅವಳ ತವರ್ನೋರು ಕೊಟ್ಟಿದ್ದು ಒಂದು ಹಿತ್ತಾಳೆ ಕೊಳಗ ಇತ್ತು. ಒಂದಿನ ಬೇರಿಂಗ್ ತೊಳ್ಯಾಕೆ ಏನೂ ಸಿಗ್ಲಿಲ್ಲ, ಅದನ್ನೇ ತಂದು ಸೀಮೆಎಣ್ಣೆ ಸುರ್ದೆ. ಜಾಕ್ ಜಾರಿ ಅದ್ರ ಮೇಲೆ ಬಿತ್ತು. ತಳ ಕಿತ್ಕಂಡ್ ಹೋಯ್ತು. ಹೇಳಾಕೆ ಧೈರ್ಯ ಬರ್ಲಿಲ್ಲ. ನಾಗಿ ಏನ್ ತಿಳ್ಕಂಡ್ಳು ಅಂದ್ರೆ, ಪಕ್ಕದ್ಮನೆ ಜಗದಾಂಬಮ್ಮ ಹಿಂದಿನ್ ದಿನ ಇಸ್ಕಂಡಿದ್ದ ಕೊಳಗಾನ ವಾಪಸ್ ಕೊಡ್ದಲೆ ಅವ್ರೇ ಮಡಿಕ್ಕಂಡಿದಾರೆ ಅಂತ. ಅವ್ರು ನನ್ ಕೈಗೇ ತಂದ್ಕೊಟ್ಟಿದ್ರು. ಬೀದಿನಾಗೆ ನಿಂತು ಜಗಳ. ಹದಿನಾಲ್ಕು ತಿಂಗ್ಳಾಯ್ತು, ಇಬ್ರಿಗೂ ಮಾತಿಲ್ಲ ಕತೆ ಇಲ್ಲ. ಅಷ್ಟು ಚೆಂದಾಗಿದ್ದೋರು. ನಂಗೆ ಒಂದೊಂದು ಸಲ ಮುದ್ದೆ ಗಂಟ್ಲಲ್ಲಿ ಇಳಿಯಲ್ಲ ಡೋರಿಸಮ್ಮ."

ಮುದ್ದಪ್ಪ ಗೇರು ಬದಲಾಯಿಸಿ ಒಂದು ಎತ್ತಿನ ಗಾಡಿಯನ್ನು ದಾಟಿದ.

"ಕೊಳಗ ಈಗ ಎಲ್ಲೈತೆ?"

"ಷೆಡ್ಡಿನ ಹಿಂದ್ಗಡೆ, ಹಳೇ ಟೈರುಗಳ ಅಡೀನಾಗೆ," ಎಂದ ಮುದ್ದಪ್ಪ. ಎಂದ ಮೇಲೆ ಬೆಚ್ಚಿ ಕಣ್ಣರಳಿಸಿದ. "ಅಬ್ಬಬ್ಬಬ್ಬಾ! ಕನ್ನಡಾನೂ ಬಂದ್ಬುಡ್ತಾ! ವರ್ಷ ವರ್ಷಕ್ಕೆ ಬುದ್ಧಿ ಬೆಳೀತೈತೆ ಅಂದ್ರು ಯಜಮಾನ್ರು. ಅರ್ಧ ಗಂಟೇಲೇ ಬೆಳೆದ್ಬುಡ್ತಲ್ಲ ತಾಯಿ!"

"ಸಿನಿಮಾಕ್ಕೆ ಜೊತೇಲಿ ಯಾರ್ ಬಂದಿದ್ರು?"

"ಗಂಗಹನುಮಯ್ಯ. ಇನ್ಯಾರು. ಬ್ಯಾಡ ಬ್ಯಾಡ ಅಂದ್ರೂ ಅವನೇ ಎಳ್ಕಂಡ್ ಹೋದ." ಮುದ್ದಪ್ಪನಿಗೆ ಹೆಮ್ಮೆಯಿಂದ ಮೈ ಜುಮ್ಮೆಂದಿತು. ಜಪಾನಿನವರು ಮಾಡಿದ ಯಂತ್ರ ತನ್ನ ಜೊತೆಯಲ್ಲಿ ನಮ್ಮ ಕಡೆಯ ಮಾತೇ ಆಡುತ್ತಿದೆ! "ಏನ್ ಚೆಂದಾಗಿ ಕಲ್ತಿದೀಯಮ್ಮ! ನಮ್ ಹೆಣ್ಣುಮಕ್ಳು ಮಾತಾಡ್ದಂಗೇ ಐತೆ. ಈ ದನಿ ನಾನು ಎಲ್ಲೋ ಕೇಳಿದೀನಿ... ಎಲ್ಲೋ..."

ಅವನ ಕೈ ತಾನಾಗಿಯೇ ಕನ್ನಡಿಯ ಹತ್ತಿರ ಹೋಯಿತು. ಬಗ್ಗಿಸಿದ. ಚಾವಣಿ ಮೇಲಕ್ಕೆ ಸರಿಯಿತು. ಮೊದಲು ಕಂಡದ್ದು ಕಾಸಗಲ ಕುಂಕುಮ. ಆಮೇಲೆ ಅದರ ಕೆಳಗಿನ ಎರಡು ಕಣ್ಣು. ಇನ್ನೂ ಬಗ್ಗಿಸಿದರೆ, ಮಡಿಲಲ್ಲಿ ಊಟದ ಕ್ಯಾರಿಯರ್, ಅದರ ಮೇಲೆ ಕಟ್ಟಿಕೊಂಡ ಕೈ.

ಕಾರು ಕಿರ್ರೆಂದು ಕಿರುಚಿ, ಅಡ್ಡಡ್ಡಲಾಗಿ ನಿಂತಿತು. ರಸ್ತೆಯಲ್ಲಿ ಹೋಗುತ್ತಿದ್ದ ಕುರಿಮಂದೆ ಚೆಲ್ಲಾಪಿಲ್ಲಿಯಾಯಿತು.

"ಯಾಕ್ ನಿಲ್ಲಿಸ್ದೆ?" ಎಂದಳು ನಾಗಕ್ಕ, ತಣ್ಣಗೆ.

"ನಾ... ನಾಗೀ, ನೀನು ಯಾವಾಗ..."

"ನೀನು ಬಾನೆಟ್ನಾಗೆ ತಲೆ ಇಕ್ಕಿದ್ದಾಗ. ಕೂತು ನೋಡಮ್ಮ ಅಂದ್ರಲ್ಲ ಅವ್ರು, ಕೂತೆ. ಯಾರೂ ಇಲ್ಲ ಅಂತ ಗ್ಯಾರಂಟಿ ಆಯ್ತು. ಇಳ್ಯಾನ ಅಂದ್ರೆ ಹೊಂಟೇ ಬುಟ್ಟೆ. ಬೆಳಗಿಂದ ಹಸ್ಕಂಡವ್ನೆ, ದಾರೀಲಾದ್ರೂ ಉಣ್ಲಿ ಅಂತ ಸುಮ್ಕಿದ್ದೆ."

ಮುದ್ದಪ್ಪನ ಕಣ್ಣು ಆಸೆಯಿಂದ ಕ್ಯಾರಿಯರಿನ ಕಡೆ ಹೋಯಿತು. ನಾಗಕ್ಕ ಅದನ್ನು ಆ ಕಡೆಗೆ ಸರಿಸಿಕೊಂಡಳು.

"ಊಟ ಆಮೇಲೆ. ಮೊದ್ಲು ಗಾಡಿ ತಿರುಗ್ಸು. ಷೆಡ್ಡಿಗೆ ಹೋಗಿ ಟೈರಿನ ಅಡಿಯಿಂದ ಕೊಳಗ ತಗಿ. ಅದನ್ನ ನೀನೇ ತಲೆ ಮೇಲೆ ಹೊತ್ಕಂಡು ಜಗದಾಂಬಮ್ಮನ ಮನೆ ಬಾಗ್ಲಿಗೆ ಬಂದು, ಇಷ್ಟು ಹೊತ್ತೂ ಹೇಳಿದ್ಯಲ್ಲ, ಅದನ್ನ ಇದೇ ತರ ಚೆಂದಾಗಿ ಇನ್ನೊಂದ್ಸಲ ಹೇಳ್ಬೇಕು. ಬೀದಿಯೋರ್ಗೆಲ್ಲ ಕೇಳೋ ಅಂಗೆ. ಗಂಗಹನುಮಯ್ಯನ್ನ ನಾನ್ ನೋಡ್ಕಂತೀನಿ."

ಮುದ್ದಪ್ಪ ಕಾರು ತಿರುಗಿಸಿದ. ಬೆಳಗಿನಿಂದ ಮಾಡದ ತಪ್ಪಿಗೆ ಬಿಸಿಲಲ್ಲಿ ಕೂತಿದ್ದಾಗ, ಇದಕ್ಕಿಂತ ಕೆಟ್ಟದ್ದು ಇನ್ನೇನಿರುತ್ತದೆ ಎಂದುಕೊಂಡಿದ್ದ. ಮಾಡಿದ ತಪ್ಪು ಇನ್ನೂ ಬಾಕಿ ಇರುವುದು ಅವನಿಗೆ ಹೊಳೆದಿರಲಿಲ್ಲ.

ಮಧುಗಿರಿ ಮುಟ್ಟುವವರೆಗೆ ಎಂಟು ಕಿಲೋಮೀಟರು. ಅಷ್ಟು ದೂರವೂ ಕಾರಿನ ಕಂಪ್ಯೂಟರು ತುಟಿ ಪಿಟಕ್ಕೆನ್ನಲಿಲ್ಲ. ನಾಗಕ್ಕನ ಮಾತಿನ ಮಧ್ಯೆ ಅದಕ್ಕೆ ಸಂದು ಸಿಕ್ಕಿದ್ದರೆ ತಾನೆ!